ನಲವತ್ತೆರಡು ಕಿಲೋಮೀಟರ್ ಓದಿದವಳು

ಜನವರಿ ೯

ನಾದಿನಿಗೆ,

ಕವರಿನ ಮೇಲಿನ ಕೋಳಿಕಾಲಿನಂಥ ಅಕ್ಷರ ನೋಡಿಯೇ ಇದು ಯಾರ ಕಾಗದವೆಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕುವುದಿದ್ದರೆ ಓದಿಯಾದ ಮೇಲೆ ಹಾಕು. ಅಂಚೆಯವನು ಪಾಪ ಅಷ್ಟು ದೂರದಿಂದ ಹೊತ್ತು ತಂದಿರುತ್ತಾನೆ.

ನನಗೆ ಎಪ್ಪತ್ತಮೂರು ತುಂಬಿತು. ಹಲ್ಲು ಕಡಿಮೆಯಾಗಿವೆ, ನಾಲಿಗೆ ಇದ್ದ ಹಾಗೇ ಇದೆ. ನಿಮ್ಮಣ್ಣ ಹೋದ ಮೇಲೆ ಅಂಗಡಿಯನ್ನು ನಾನೇ ನಡೆಸುತ್ತಿದ್ದೇನೆ. ಗುಂಡಿ, ಕೊಕ್ಕೆ, ದಾರ, ಜಿಪ್ಪು, ಸೂಜಿ. ಊರವರು ನನ್ನನ್ನು ಗುಂಡಿ ಅಜ್ಜಿ ಎನ್ನುತ್ತಾರೆ. ಅಂಗಿಯ ಗುಂಡಿಯೋ ರಸ್ತೆಯ ಗುಂಡಿಯೋ ಎಂದು ನಾನು ವಿಚಾರಿಸಲು ಹೋಗಿಲ್ಲ.

ಹೋದ ವಾರ ರಜೆಗೆ ಊರಿಗೆ ಬಂದ ದಾದಿಯೊಬ್ಬಳು ಬಿಳಿ ಕೋಟಿಗೆ ನಾಲ್ಕು ತೂತಿನ ಗುಂಡಿ ಹುಡುಕಿಕೊಂಡು ಬಂದಿದ್ದಳು. ಮಾತಿಗೆ ಮಾತು ಬೆಳೆದು, ತನ್ನ ಆಸ್ಪತ್ರೆಯಲ್ಲಿ ಬಟ್ಟೆ ಉಗ್ರಾಣ ನೋಡಿಕೊಳ್ಳುತ್ತಿದ್ದ ಒಬ್ಬ ಉದ್ದ ಕಾಲಿನ ಹೆಂಗಸಿನ ಸುದ್ದಿ ಹೇಳಿದಳು. "ಯಾವ್ದೋ ಕಾಲದಲ್ಲಿ ದೊಡ್ಡ ಓಟಗಾರ್ತಿಯಂತೆ ಅಜ್ಜಿ. ಅವರ ಬಾಯಿಂದ ಮಾತ್ರ ಒಂದು ದಿನವೂ ಕೇಳಿಲ್ಲ" ಎಂದಳು. ಅವಳಿಗೆ ಹನ್ನೆರಡು ಗುಂಡಿ ಕಟ್ಟಿಕೊಟ್ಟು ನಿನ್ನ ವಿಳಾಸ ಬರೆಸಿಕೊಂಡೆ.

ವಿಷಯ ಇಷ್ಟು. ನೀನು ಕೆಲಸ ಮಾಡುತ್ತಿದ್ದ ಬಟ್ಟೆ ಗಿರಣಿಯನ್ನು ಕೆಡವಿದರು. ಆ ಜಾಗದಲ್ಲಿ ಪುರಸಭೆಯವರು ಓಟದ ಮೈದಾನ ಕಟ್ಟುತ್ತಿದ್ದಾರೆ. ನೆಲವೆಲ್ಲ ಕೆಂಪು, ಮೇಲೆ ಬಿಳಿ ಗೆರೆ. ನೀನು ನಿಂತು ಉರುಳೆಗೆ ನೂಲು ಸುತ್ತುತ್ತಿದ್ದ ಕೊಠಡಿ ಇದ್ದ ಕಡೆ ಈಗ ಒಂದು ತಿರುವು ಬಂದಿದೆ. ಇದಕ್ಕೆ ಅಧ್ಯಕ್ಷ ತನ್ನ ಅಪ್ಪನ ಹೆಸರಿಡಬೇಕೆಂದು ಹೊರಟಿದ್ದಾನೆ. ಅಪ್ಪ ಯಾರು ಗೊತ್ತಲ್ಲ, ಮರದ ಡಿಪೋದವನು. ಆ ಮನುಷ್ಯ ಓಡಿದ್ದನ್ನು ನಾನು ಒಂದೇ ಸಲ ನೋಡಿದ್ದು, ಗಿರಣಿಯ ನಾಯಿ ಅಟ್ಟಿಸಿಕೊಂಡು ಬಂದಾಗ. ಅವತ್ತೂ ಗೆದ್ದದ್ದು ನಾಯಿಯೇ.

ನಲವತ್ತೊಂದು ವರ್ಷದ ಹಿಂದೆ ನಲವತ್ತೆರಡು ಕಿಲೋಮೀಟರ್ ಓಡಿ ಇಡೀ ದೇಶಕ್ಕೆ ಮೊದಲು ಬಂದವಳು ನೀನು. ಈ ಊರಿನ ಯಾವ ಗೋಡೆಯ ಮೇಲೂ ನಿನ್ನ ಹೆಸರಿಲ್ಲ. ಆ ಮೈದಾನದ ಗೇಟಿನ ಮೇಲೆ ನಿನ್ನ ಹೆಸರು ಬರೆಸುತ್ತೇನೆ. ಒಪ್ಪಿಗೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಇಂತಿ,
ಇನ್ನೂ ಗಟ್ಟಿಯಾಗಿರುವ ನಿನ್ನ ಅತ್ತಿಗೆ


ಜನವರಿ ೨೪

ಅತ್ತಿಗೆಯವರಿಗೆ,

ಕಾಗದ ತಲುಪಿತು. ನೀವು ಆರೋಗ್ಯವಾಗಿರುವುದು ತಿಳಿದು ಸಂತೋಷ.

ದಯವಿಟ್ಟು ಈ ಕೆಲಸಕ್ಕೆ ಕೈ ಹಾಕಬೇಡಿ. ನನಗೆ ಅರವತ್ತಮೂರು. ಎರಡೂ ಮೊಣಕಾಲು ಸವೆದಿವೆ, ಮೆಟ್ಟಿಲಿಳಿಯಲು ಕೋಲು ಬೇಕು. ಇಲ್ಲಿ ಎರಡು ಕೋಣೆ, ಒಂದು ಕಿಟಕಿ, ಬೇಕಾದಷ್ಟು ನೆಮ್ಮದಿ ಇದೆ. ಆ ಊರಿನ ನೆನಪನ್ನು ಬಹಳ ಕಷ್ಟಪಟ್ಟು ಮಡಿಸಿ ಒಳಗಿಟ್ಟಿದ್ದೇನೆ. ಬಿಚ್ಚುವ ಮನಸ್ಸಿಲ್ಲ.

ನಾನು ಕಪ್ಪು ಗೆದ್ದು ಮನೆಗೆ ಬಂದ ದಿನ ನೀವು ಹೇಳಿದ ಮಾತು ನಿಮಗೆ ಮರೆತಿರಬಹುದು.

ಇತಿ,
ನಿಮ್ಮ ನಾದಿನಿ


ಫೆಬ್ರವರಿ ೨

ನಾದಿನಿಗೆ,

ಮರೆತಿಲ್ಲ.

ಮಧ್ಯಾಹ್ನ ಮೂರು ಗಂಟೆ. ಬಸ್ ನಿಲ್ದಾಣಕ್ಕೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ನೀನು ಕಪ್ಪನ್ನು ಟವೆಲಿನಲ್ಲಿ ಸುತ್ತಿಕೊಂಡು ನಡೆದೇ ಬಂದೆ. ಬಾಗಿಲಲ್ಲಿ ನಾನು ನಿಂತಿದ್ದೆ. ನೀನು ಟವೆಲು ಬಿಚ್ಚಿ ತೋರಿಸಿದೆ. "ಅದನ್ನ ಆಮೇಲೆ ನೋಡೋಣ, ಮೊದ್ಲು ಪಾತ್ರೆ ತೊಳಿ. ಎರಡು ದಿನದ್ದು ಬಿದ್ದಿದೆ" ಎಂದೆ. ನೀನು ತೊಳೆದೆ. ಒಂದು ಚಮಚವನ್ನೂ ಬಿಡದೆ ತೊಳೆದು, ತಿಂಗಳೊಳಗೆ ಆಸ್ಪತ್ರೆಯ ಕೆಲಸ ಹಿಡಿದು ಊರು ಬಿಟ್ಟೆ.

ಆಗ ನನಗೆ ಮೂವತ್ತೆರಡು. ತಿಳಿಯದ ವಯಸ್ಸು ಎಂದು ಜಾರಿಕೊಳ್ಳುವ ಹಾಗೂ ಇಲ್ಲ. ಬೆಳಿಗ್ಗೆ ಗಿರಣಿಯ ಸೈರನ್ ಕೂಗುವ ಮೊದಲು ನೀನು ಕಾಲುವೆ ರಸ್ತೆಯಲ್ಲಿ ಓಡುತ್ತ ಹೋಗುವುದನ್ನು ನಾನು ದಿನಾ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ನಿಮ್ಮಮ್ಮ "ಮನೇಲಿ ಕುದುರೆ ಸಾಕಿದೀನಿ" ಎಂದು ಬೈಯುತ್ತಿದ್ದರು, ನಾನೂ ದನಿಗೂಡಿಸುತ್ತಿದ್ದೆ. ನೀನು ಓಡುತ್ತಿದ್ದೆ ಎಂದಲ್ಲ, ಹೊರಗೆ ಓಡುತ್ತಿದ್ದೆ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು. ನಾನು ಆ ಕಿಟಕಿಯಿಂದ ಆಚೆಗೆ ಹೋದವಳಲ್ಲ.

ಈ ಸಾಲಿನ ಮುಂದೆ ಒಂದು ಮಾತು ಬರೆಯಬೇಕು. ಆದರೆ ಅದರ ಮೊದಲ ಅಕ್ಷರವೇ ಕ್ಷ. ನಾಲ್ಕನೇ ಇಯತ್ತೆ ಓದಿದ ಕೈಗೆ ಅದು ಬಗ್ಗುವುದಿಲ್ಲ. ಅದಕ್ಕೇ ಬೇರೆ ಕೆಲಸ ಹಿಡಿದಿದ್ದೇನೆ.

ಅಂಗಡಿಯಲ್ಲಿ ಒಂದು ದಪ್ಪ ಪುಸ್ತಕ ಇಟ್ಟಿದ್ದೇನೆ. ನಿನ್ನ ಹೆಸರಿಗೆ ಸಹಿ ಹಾಕದವರಿಗೆ ಗುಂಡಿ ಇಲ್ಲ. ಊರಿನಲ್ಲಿ ಇಂಥ ಅಂಗಡಿ ಇರುವುದು ಇದೊಂದೇ ಆದ್ದರಿಂದ ಸಹಿಗೆ ಬರ ಬಂದಿಲ್ಲ. ನಿನ್ನೆ ಅಧ್ಯಕ್ಷನ ಕಾರು ಓಡಿಸುವವನು ಪ್ಯಾಂಟಿನ ಮುಂದೆ ಪೇಪರು ಹಿಡಿದುಕೊಂಡು ಬಂದ. ಜಿಪ್ಪು ಕೈಕೊಟ್ಟಿತ್ತು.

"ಸಹಿ ಹಾಕು" ಎಂದೆ.

"ಅಜ್ಜೀ, ಸಾಹೇಬ್ರಿಗೆ ಗೊತ್ತಾದ್ರೆ ಕೆಲಸ ಹೋಗುತ್ತೆ."

"ಹೀಗೇ ಹೋದ್ರೆ ಮಾನ ಹೋಗುತ್ತೆ. ಯಾವ್ದು ಉಳಿಸ್ಕೋತೀಯೋ ನೋಡ್ಕೋ."

ಅವನದು ಐನೂರ ತೊಂಬತ್ತನೆಯ ಸಹಿ.

ಪುಸ್ತಕದ ಮೇಲಿಟ್ಟ ಮನವಿಯನ್ನು ನಾನೇ ಕೈಯಾರೆ ಬರೆದಿದ್ದೇನೆ. ಮಗಳು ಕಂಪ್ಯೂಟರಿನಲ್ಲಿ ಹೊಡೆಸಿಕೊಡುತ್ತೇನೆ ಎಂದಳು. ಬೇಡವೆಂದೆ. ಇದು ನಾನೇ ಬರೆಯಬೇಕಾದದ್ದು.

ಇಂತಿ,
ನಿನ್ನ ಅತ್ತಿಗೆ


ಮಾರ್ಚ್ ೧೫

ನಾದಿನಿಗೆ,

ನೀನು ಉತ್ತರ ಬರೆಯಲಿಲ್ಲ. ಬರೆಯದಿದ್ದದ್ದೇ ಸರಿ. ನಿನ್ನ ಹೆಸರನ್ನು ಊರ ಮುಂದೆ ನಗೆಪಾಟಲು ಮಾಡಿ ಬಂದಿದ್ದೇನೆ.

ನಿನ್ನೆ ಪುರಸಭೆಯ ಸಭೆ. ಆರುನೂರ ಹನ್ನೊಂದು ಸಹಿಯ ಪುಸ್ತಕ, ಅದರ ಮೇಲೆ ನನ್ನ ಮನವಿ. ನಾನು ಗೋಡೆ ಪಕ್ಕದ ಬೆಂಚಿನಲ್ಲಿ ಒಗೆದ ಬಟ್ಟೆ ಉಟ್ಟು ಕೂತಿದ್ದೆ. ಅಧ್ಯಕ್ಷ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ: "ನಲವತ್ತೆರಡು ಕಿಲೋಮೀಟರ್ ಓದಿದ ಈ ಊರಿನ ಮೊದಲ ಹೆಣ್ಣುಮಗಳು."

ಡ ಬರೆಯುವ ಕಡೆ ದ ಬರೆದಿದ್ದೆ. ಓಡಿದವಳನ್ನು ಓದಿದವಳು ಮಾಡಿದ್ದೆ. ಆ ಎರಡು ಅಕ್ಷರಕ್ಕೆ ನನ್ನ ಕೈ ಯಾವತ್ತೂ ಭೇದ ಮಾಡಿಲ್ಲ. ಮೇಷ್ಟರು ಅದಕ್ಕೇ ಬೆರಳ ಗಂಟಿನ ಮೇಲೆ ಹೊಡೆಯುತ್ತಿದ್ದರು. ಸಹಿ ಹಾಕಿದ ಆರುನೂರ ಹನ್ನೊಂದು ಜನರಲ್ಲಿ ಒಬ್ಬರಾದರೂ ಓದಿ ನೋಡಬೇಡವೆ! ಎಲ್ಲರಿಗೂ ಗುಂಡಿಯ ಅವಸರ.

"ಏನಮ್ಮಾ, ಪುಸ್ತಕ ಅಷ್ಟುದ್ದ ಇತ್ತಾ?" ಎಂದ ಅಧ್ಯಕ್ಷ. ಸಭೆಯೆಲ್ಲ ಘೊಳ್ಳೆಂದಿತು. ಕುಡಿಯುತ್ತಿದ್ದ ನೀರು ಒಬ್ಬನ ಮೂಗಿನಿಂದ ಬಂತು. "ಅಜ್ಜಿ ಆಸೆಪಟ್ಟಿದಾರೆ. ಇಲ್ಲ ಅನ್ನೋದು ಬೇಡ. ಓದಿದೋರ ಹೆಸರು ಓದೋ ಜಾಗಕ್ಕೆ ಇಡೋಣ. ಗ್ರಂಥಾಲಯದಲ್ಲಿ ಮುರಿದ ಬೆಂಚೊಂದಿದೆಯಲ್ಲ! ಎಲ್ರೂ ಕೈ ಎತ್ರೀ!" ಎಲ್ಲರೂ ಎತ್ತಿದರು. ಗುಮಾಸ್ತ ಮುಖ ಎತ್ತದೆ ಬರೆದುಕೊಂಡ. ಮೈದಾನದ ಹೆಸರಿನ ಮಾತು ಮುಂದಿನ ಸಭೆಗೆ ಹೋಯಿತು. ಅಷ್ಟು ನಕ್ಕ ಮೇಲೆ ಅವರಿಗೆ ಬೇರೆ ಕೆಲಸ ಮಾಡಲು ತ್ರಾಣವಿರಲಿಲ್ಲ.

ಇವತ್ತು ನಕಲು ಕೊಟ್ಟಿದ್ದಾರೆ. ಇದ್ದ ಹಾಗೇ ಇಳಿಸುತ್ತೇನೆ, ನೀನೂ ನೋಡು: "ಗುಂಡಿ ಅಂಗಡಿಯ ಅಜ್ಜಿಯವರು ಹಾಗೂ ಇತರರ ಮನವಿಯಂತೆ, ನಲವತ್ತೆರಡು ಕಿಲೋಮೀಟರ್ ಓದಿದ ಸದರಿ ಮಹಿಳೆಯ ಹೆಸರನ್ನು ಊರಿನ ಓದುವ ಜಾಗಕ್ಕೆ ಇಡಲು ಸಭೆಯು ಸರ್ವಾನುಮತದಿಂದ ನಿರ್ಣಯಿಸಿದೆ."

ನಿನ್ನೆಯಿಂದ ಅಂಗಡಿ ತೆಗೆದಿಲ್ಲ. ಬೀದಿಯಲ್ಲಿ ಹೋಗುವವರು "ಅಜ್ಜೀ, ಇವತ್ತು ಎಷ್ಟು ಕಿಲೋಮೀಟರ್ ಓದಿದ್ರಿ?" ಎನ್ನುತ್ತಾರೆ. ನನ್ನನ್ನು ನೋಡಿ ನಕ್ಕರೆ ನಗಲಿ, ನನ್ನ ಚರ್ಮ ದಪ್ಪ. ನಿನಗೆ ಎರಡನೆಯ ಸಲ ಹೀಗೆ ಮಾಡಿದೆನಲ್ಲ ಎಂದು ಅನ್ನ ಇಳಿಯುತ್ತಿಲ್ಲ.

ಇಂತಿ,
ಅಕ್ಷರ ಬಾರದ ನಿನ್ನ ಅತ್ತಿಗೆ


ಮಾರ್ಚ್ ೨೭

ಅತ್ತಿಗೆಗೆ,

ಬಹಳ ಹೊತ್ತು ನಕ್ಕು, ಕಣ್ಣೊರೆಸಿಕೊಂಡು ಬರೆಯಲು ಕೂತಿದ್ದೇನೆ. ಕೆಳಗಿನ ಮನೆಯಾಕೆ ಏನಾಯಿತೋ ಎಂದು ಬಂದು ಬಾಗಿಲು ತಟ್ಟಿದರು. ನಾನು ನಗುವುದನ್ನು ಅವರು ಕೇಳಿರಲಿಲ್ಲವಂತೆ.

ನಿಮ್ಮ ಫೆಬ್ರವರಿಯ ಕಾಗದಕ್ಕೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. ಆದರೆ ಆ ನಿರ್ಣಯದ ಬಗ್ಗೆ ಒಂದು ಮಾತು ಹೇಳಬಲ್ಲೆ.

ನಾನು ಮೂವತ್ತೆಂಟು ವರ್ಷ ಹಾಸಿಗೆ ಬಟ್ಟೆ, ದಿಂಬು, ಹೊದಿಕೆಗಳ ರಿಜಿಸ್ಟರ್ ಬರೆದವಳು. ಕೈತಪ್ಪಿ ಒಂದು ಅಕ್ಷರ ಬೇರೆಯಾದರೆ ನಾವು ಪುಟ ಹರಿಯುತ್ತಿರಲಿಲ್ಲ. ತಪ್ಪಿದ ಅಕ್ಷರಕ್ಕೆ ಕೆಂಪು ಗೆರೆ, ಮೇಲೆ ಸರಿಯಾದ ಅಕ್ಷರ, ಪಕ್ಕದಲ್ಲಿ ದೊಡ್ಡವರ ಸಹಿ. ಆ ತಪ್ಪನ್ನು ನೋಡಿಕೊಂಡು ಬೇರೆ ಪುಟದಲ್ಲಿ ಏನೇನು ಬರೆದಿದೆಯೋ ಅಲ್ಲೆಲ್ಲ ಅದೇ ತಿದ್ದುಪಡಿ. ಸರ್ಕಾರಿ ಕಾಗದವೆಲ್ಲ ಹೀಗೆಯೇ ಇರಬೇಕು. ಗುಮಾಸ್ತರನ್ನು ಕೇಳಿ ನೋಡಿ.

ನಿಮ್ಮ ಮನವಿಯ ಒಂದು ದ ತಿದ್ದಿಸಿ. ಅವರ ನಿರ್ಣಯದಲ್ಲಿ ಆ ದ ಎರಡು ಕಡೆ ಇದೆ, ಎರಡನ್ನೂ ತಿದ್ದಿಸಿ. ಆಮೇಲೆ ಇನ್ನೊಂದು ಸಲ ಓದಿ. ನಿಧಾನವಾಗಿ ಓದಿ.

ಇದರಿಂದ ನಾನು ಒಪ್ಪಿದೆ ಎಂದುಕೊಳ್ಳಬೇಡಿ. ತಪ್ಪು ಬರಹ ಕಂಡರೆ ಸುಮ್ಮನಿರಲಾಗುವುದಿಲ್ಲ, ಅಷ್ಟೇ. ಅನ್ನ ಉಣ್ಣಿ.

ಇತಿ,
ನಿಮ್ಮ ನಾದಿನಿ


ಏಪ್ರಿಲ್ ೨೬

ಅಮ್ಮಾ ತಾಯೀ, ನನ್ನ ನಾದಿನೀ,

ಗೆದ್ದೆವು! ಮೊದಲು ಅದನ್ನು ಓದಿಕೊ, ಉಳಿದದ್ದನ್ನು ನಿಧಾನವಾಗಿ ಓದುವೆಯಂತೆ.

ನಿನ್ನ ಕಾಗದ ಬಂದ ದಿನವೇ ಗುಮಾಸ್ತನ ಮೇಜಿನ ಮುಂದೆ ಹೋಗಿ ನಿಂತೆ. ಅವನು ಆ ಕಡೆ ಈ ಕಡೆ ನೋಡಿ, "ಕೈತಪ್ಪಿಗೆ ಮರುಮತ ಬೇಕಿಲ್ಲ ಅಜ್ಜಿ. ಅಧ್ಯಕ್ಷರ ಸಹಿ ಇದ್ರೆ ಸಾಕು" ಎಂದ. ಆಮೇಲೆ ಮೀಸೆಯ ಒಂದು ಕೂದಲೂ ಅಲುಗದ ಹಾಗೆ, "ಇಷ್ಟು ದಿನ ಬೇಕಾಯ್ತಾ ನಿಮಗೆ?" ಎಂದ. ಅವತ್ತು ತಲೆ ಎತ್ತದೆ ಅವನು ಬರೆದದ್ದು ಯಾಕೆಂದು ಆಗ ಹೊಳೆಯಿತು. ಅವನ ತಾಯಿಯೂ ಉರುಳೆ ಕೊಠಡಿಯಲ್ಲಿ ಇದ್ದವಳಂತೆ. ನಿನಗೆ ಗೊತ್ತಿರಬಹುದು, ಎಡಗೈಯಲ್ಲಿ ಗಂಟು ಹಾಕುತ್ತಿದ್ದಳಂತೆ.

ನಿನ್ನೆಯ ಸಭೆಗೆ ಗಿರಣಿಯ ಹಳೆಯ ಹೆಂಗಸರು ಇಪ್ಪತ್ತಮೂರು ಜನ ಬಂದು ಬೆಂಚು ತುಂಬಿದರು. ನಾನು ಎದ್ದು ಕೈ ಮುಗಿದು ನಿಂತೆ. ಇಷ್ಟು ವಿನಯ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ.

"ಸ್ವಾಮೀ, ನನ್ನ ಅಕ್ಷರ ತಪ್ಪಿದೆ. ತಿದ್ದಿಕೊಡ್ಬೇಕು."

"ತಿದ್ರೀ, ತಿದ್ರೀ. ಕಲಿಯೋಕೆ ವಯಸ್ಸೇನು!" ಅಧ್ಯಕ್ಷನಿಗೆ ಹೋದ ತಿಂಗಳ ನಗು ಇನ್ನೂ ಮುಗಿದಿರಲಿಲ್ಲ.

ಗುಮಾಸ್ತ ಕೆಂಪು ಪೆನ್ನು ತೆಗೆದ. "ಮನವಿಯಲ್ಲಿ ತಿದ್ದಿದ್ರೆ ನಿರ್ಣಯದಲ್ಲೂ ತಿದ್ದಬೇಕಾಗುತ್ತೆ ಸಾರ್."

"ಎಲ್ಲೆಲ್ಲಿ ತಪ್ಪಿದೆಯೋ ಅಲ್ಲೆಲ್ಲ ತಿದ್ದಯ್ಯಾ. ಅದನ್ನೂ ನಾನೇ ಹೇಳ್ಬೇಕಾ?" ಎಂದು, ಪಕ್ಕದವನ ಜೊತೆ ಮಾತಾಡುತ್ತಲೇ ಮೂರು ಕಡೆ ಸಹಿ ಗೀಚಿದ.

"ತಿದ್ದಿದ್ದನ್ನ ಸಭೆಗೆ ಓದಿ ಹೇಳ್ಬೇಕು ಸಾರ್. ನಿಯಮ."

"ಓದು."

ಗುಮಾಸ್ತ ಎದ್ದು ನಿಂತು ಓದಿದ: "ನಲವತ್ತೆರಡು ಕಿಲೋಮೀಟರ್ ಓಡಿದ ಸದರಿ ಮಹಿಳೆಯ ಹೆಸರನ್ನು ಊರಿನ ಓಡುವ ಜಾಗಕ್ಕೆ ಇಡಲು ಸಭೆಯು ಸರ್ವಾನುಮತದಿಂದ ನಿರ್ಣಯಿಸಿದೆ."

ನಾದಿನೀ, ಅಧ್ಯಕ್ಷ ಪಕ್ಕದವನ ಜೊತೆಗಿನ ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದ.

"ಏಯ್! ಅದು ಗ್ರಂಥಾಲಯ ಕಣಯ್ಯಾ!"

"ಗ್ರಂಥಾಲಯ ಅನ್ನೋ ಪದ ನಿರ್ಣಯದಲ್ಲೇ ಇಲ್ಲ ಸಾರ್. ಓಡಿದೋರ ಹೆಸರು ಓದೋ ಜಾಗಕ್ಕೆ ಯಾಕಿಡ್ತಾರೆ? ಒಂದು ತಪ್ಪಿಂದ ಇನ್ನೊಂದು ತಪ್ಪು ಹುಟ್ಟಿತ್ತು. ತಾವೇ ಎರಡನ್ನೂ ತಿದ್ದಿಸಿದ್ರಿ."

"ಮತ್ತೆ ಮತಕ್ಕೆ ಹಾಕು!"

ಆಗ ಗಿರಣಿ ಬೀದಿಯ ಸದಸ್ಯೆ, ಹೋದ ಸಲ ಎಲ್ಲರಿಗಿಂತ ಜೋರಾಗಿ ನಕ್ಕವಳೇ, ಎದ್ದಳು. "ಹಾಕ್ಸಿ ಸಾರ್. ಕೈ ಎತ್ತದೇ ಇರೋರು ಯಾರು ಅಂತ ಈ ಬೆಂಚಿನೋರೂ ನೋಡ್ಲಿ." ಇಪ್ಪತ್ತಮೂರು ಮುದುಕಿಯರು ಒಟ್ಟಿಗೆ ಕುತ್ತಿಗೆ ತಿರುಗಿಸಿ ಸದಸ್ಯರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ನೂಲು ಎಲ್ಲಿ ಕಡಿಯಿತು ಎಂದು ಹುಡುಕುತ್ತಿದ್ದರಲ್ಲ, ಅದೇ ನೋಟ. ಒಂದು ಕೈ ಎದ್ದಿತು, ಆಮೇಲೆ ನಾಲ್ಕು, ಆಮೇಲೆ ಎಲ್ಲ.

"ಮುದುಕಿ ನನಗೇ ಗುಂಡಿ ತೋಡಿದ್ಳು" ಎಂದು ಅಧ್ಯಕ್ಷ ಕನ್ನಡಕ ತೆಗೆದಿಟ್ಟ.

"ತೋಡಿದ್ದು ನೀನೇ ಕಣಪ್ಪಾ. ಗುಂಡಿ ಮಾರೋದಷ್ಟೇ ನನ್ನ ಕೆಲಸ" ಎಂದೆ.

ಹೊರಗೆ ಬಂದಾಗ ಬೀದಿಯಲ್ಲಿ ಜನ. ಇವತ್ತು ಬೆಳಿಗ್ಗೆ ಅಧ್ಯಕ್ಷನೇ ಅಂಗಡಿಗೆ ಬಂದು, "ನನ್ನ ಮನಸ್ಸಿನಲ್ಲೂ ಮೊದಲಿಂದ ಇದೇ ಇತ್ತು ಅಜ್ಜಿ" ಎಂದ. ಹೌದಪ್ಪಾ ಎಂದೆ. ಗೆದ್ದವರು ಅಷ್ಟು ಸುಳ್ಳನ್ನು ಸಹಿಸಿಕೊಳ್ಳಬೇಕು.

ಜೂನ್ ಎಂಟು, ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ ಗೇಟು ತೆರೆಯುತ್ತಾರೆ. ಹೆಸರು ಗೇಟಿನ ಮೇಲೆ ಏರುತ್ತದೆ. ಆದರೆ ಹೆಸರಿನವಳಿಲ್ಲದೆ ಬರೀ ಕಬ್ಬಿಣ. ನಾನು ಕರೆಯುವ ಮುಖ ಇಟ್ಟುಕೊಂಡಿಲ್ಲ. ದಿನಾಂಕ ಬರೆದಿದ್ದೇನೆ.

ಇಂತಿ,
ನಿನ್ನ ಅತ್ತಿಗೆ


ಮೇ ೧೦

ಅತ್ತಿಗೆಗೆ,

ಆ ಎಡಗೈಯವಳು ನನ್ನ ಪಕ್ಕದ ಯಂತ್ರದಲ್ಲಿದ್ದಳು. ನಾನು ತಡವಾಗಿ ಬಂದ ದಿನ ನನ್ನ ಉರುಳೆಯನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಅವಳ ಮಗ ಅಷ್ಟು ದೊಡ್ಡವನಾದನೇ?

ನಿಮ್ಮ ಕಾಗದವನ್ನು ಕೆಳಗಿನ ಮನೆಯಾಕೆಗೂ ಓದಿ ಹೇಳಿದೆ. ನಾನು ಯಾರೆಂದು ಅವರಿಗೆ ಗೊತ್ತೇ ಇರಲಿಲ್ಲ. ಹನ್ನೊಂದು ವರ್ಷದಿಂದ ಒಂದೇ ಮೆಟ್ಟಿಲು ಹತ್ತಿ ಇಳಿದಿದ್ದೇವೆ.

ಬರುವ ಮಾತು ಕೊಡಲಾರೆ. ಆ ನಿಲ್ದಾಣದಲ್ಲಿ ಇಳಿಯುವುದನ್ನು ನೆನೆದರೆ ಮೊಣಕಾಲಿಗಿಂತ ಮೇಲೆ ಎಲ್ಲೋ ನೋಯುತ್ತದೆ.

ಇತಿ,
ನಿಮ್ಮ ನಾದಿನಿ


ಜೂನ್ ೧೦

ನಾದಿನಿಗೆ,

ಕಣ್ಣಾರೆ ಕಂಡವಳಿಗೇ ಕಾಗದದಲ್ಲಿ ಕಥೆ ಹೇಳುವುದು ಮರುಳು. ಆದರೂ ಬರೆಯುತ್ತೇನೆ. ನೀನು ಮುಂದೆ ನೋಡುತ್ತಿದ್ದೆ, ನಾನು ನಿನ್ನ ಹಿಂದಿನದನ್ನೆಲ್ಲ ನೋಡುತ್ತಿದ್ದೆ.

ಮೊನ್ನೆ ಬೆಳಿಗ್ಗೆ ಊರಿಗೆ ಊರೇ ಬಸ್ ನಿಲ್ದಾಣದಲ್ಲಿತ್ತು. ನೀನು ಬರುತ್ತೀಯೆಂದು ಯಾರೂ ಹೇಳಿರಲಿಲ್ಲ, ಬರುವುದಿಲ್ಲ ಎಂದೂ ಹೇಳಿರಲಿಲ್ಲ. ಬ್ಯಾಂಡಿನವರು ಬಂದ ಬಸ್ಸಿಗೆಲ್ಲ ಊದಿದರು. ಯಾವನೋ ಪೈಪು ಮಾರುವವನು ಇಳಿದು, ತನಗೇ ಎಂದುಕೊಂಡು ಕೈ ಬೀಸಿದನಂತೆ. ನಾನು ಮಾತ್ರ ಅಂಗಡಿಯಲ್ಲೇ ಇದ್ದೆ. ಬೀಗ ಹಾಕುವುದು, ತೆಗೆಯುವುದು. ಹೋಗಿ ನಿಲ್ಲಲು ಧೈರ್ಯವಿರಲಿಲ್ಲ. ಇದನ್ನು ನಿನ್ನೊಬ್ಬಳಿಗೆ ಹೇಳುತ್ತಿದ್ದೇನೆ.

ನೀನು ಆ ಆಸ್ಪತ್ರೆಯ ದಾದಿಯ ಕಾರಿನಲ್ಲಿ, ಹಿಂದಿನ ಬೀದಿಯಿಂದ, ಕೋಲೂರಿಕೊಂಡು ಬರುತ್ತೀಯೆಂದು ಯಾರಿಗೆ ಗೊತ್ತು! ಗಲ್ಲಾಪೆಟ್ಟಿಗೆಯ ಮೇಲೆ ನೆರಳು ಬಿತ್ತು. ತಲೆ ಎತ್ತಿದೆ.

"ಅಂಗಡಿ ಮುಚ್ತಿದೀರಾ ಅತ್ಗೆ? ಒಂದು ಗುಂಡಿ ಬೇಕಿತ್ತು" ಎಂದೆ ನೀನು.

ನಿನ್ನ ಮೇಲಂಗಿಯ ಎರಡನೆಯ ಗುಂಡಿ ಇರಲಿಲ್ಲ. ನೀಲಿ, ಎರಡು ತೂತು, ಅಂಚು ಎತ್ತರ. ಅಂಥದ್ದು ನನ್ನ ಬಳಿ ಮೂರೇ ಇದ್ದವು. ನೀನು ತೊಟ್ಟಿದ್ದ ಹಾಗೇ ನಾನು ನಿಂತು ಹೊಲಿದೆ. ಸೂಜಿ ಏಳು ಸಲ ಒಳಗೆ ಹೋಗಿ ಬಂತು, ಅಷ್ಟು ಹೊತ್ತೂ ನಿನ್ನ ಉಸಿರು ನನ್ನ ಹಣೆಗೆ ತಾಗುತ್ತಿತ್ತು. ಬಾಯಲ್ಲಿ ದಾರ ಕಚ್ಚಿಕೊಂಡಿದ್ದರಿಂದ ನಾನು ಏನೂ ಹೇಳಬೇಕಾಗಲಿಲ್ಲ. ದಾರ ಕಡಿದ ಮೇಲೆ ನೀನು ನನ್ನ ತೋಳು ಹಿಡಿದುಕೊಂಡೆ. ಮೆಟ್ಟಿಲಿಗೆಂದೇ ಹಿಡಿದೆ ಎಂದುಕೊಂಡಿದ್ದೆ. ಮೆಟ್ಟಿಲು ಇಳಿದಾದ ಮೇಲೂ ನೀನು ಬಿಡಲಿಲ್ಲ.

ನಾವಿಬ್ಬರೂ ಅರ್ಧ ದಾರಿ ನಡೆದಿರಬೇಕು. ಯಾರೋ ನಿಲ್ದಾಣಕ್ಕೆ ಸುದ್ದಿ ಮುಟ್ಟಿಸಿದರು. ನೀನು ತಿರುಗಿ ನೋಡಿದಾಗ ಕಂಡದ್ದು ಕೊನೆಯದು. ಮೊದಲಿನಿಂದ ನೋಡಿದವಳು ನಾನು. ಜನವೆಲ್ಲ ಓಡುತ್ತ ಬಂತು! ಬ್ಯಾಂಡಿನವರು ಡೋಲು ಎದೆಗವಚಿಕೊಂಡು ಓಡಿದರು. ಗುಮಾಸ್ತ ಪೆನ್ನಿನ ಜೇಬು ಒತ್ತಿ ಹಿಡಿದು ಓಡಿದ. ಅಧ್ಯಕ್ಷ ಮುಖ ಕೆಂಪಗೆ ಮಾಡಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ. ಅವನ ಮನೆತನದಲ್ಲೇ ಅಷ್ಟು ದೂರ ಓಡಿದವನು ಅವನೇ ಮೊದಲು. ಗಿರಣಿಯ ಹೆಂಗಸರು ಓಡಲಾಗದೆ ಜೋರಾಗಿ ನಡೆದು, "ಕುದುರೇ! ಏ ಕುದುರೇ!" ಎಂದು ಕೂಗಿದರು. ಬೈಗುಳವಾಗಿದ್ದ ಮಾತು ಅಷ್ಟು ಜನರ ಬಾಯಲ್ಲಿ ಬಿರುದಾಯಿತು. ನೀನು ಕೋಲು ಎತ್ತಿ ತೋರಿಸಿದೆಯಲ್ಲ, ಆಗ ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಬಿಸಿಲು ಜೋರಿತ್ತು.

ಭಾಷಣದಲ್ಲಿ ಅಧ್ಯಕ್ಷ ನಿನ್ನನ್ನು "ಈ ಊರಿನ ಮಗಳು" ಎಂದ. ನೀನು ಮೈಕಿನ ಮುಂದೆ ನಿಂತು ಎರಡೇ ಮಾತು ಹೇಳಿದೆ. "ಇಲ್ಲಿ ಬೆಳಿಗ್ಗೆ ಹೆಣ್ಣುಮಕ್ಕಳಿಗೆ ಗೇಟು ತೆಗೆದಿಡಿ. ಅವರು ಮನೆಗೆ ಬಂದಾಗ ಬಾಗಿಲಲ್ಲಿ ಯಾರಾದರೂ ನಿಂತಿರಿ." ಆ ಎರಡನೆಯ ಮಾತು ಯಾರಿಗೆ ಎಂದು ನನಗೆ ಗೊತ್ತು. ಅದರಲ್ಲಿ ಮುಳ್ಳಿರಲಿಲ್ಲ ಎನ್ನುವುದೂ ಗೊತ್ತು.

ನೀನು ಹೊರಟ ಮೇಲೆ ಮನೆಯಲ್ಲಿ ಕೂರಲು ಆಗಲಿಲ್ಲ. ಇವತ್ತು ಬೆಳಿಗ್ಗೆ ಆರಕ್ಕೇ ಮೈದಾನಕ್ಕೆ ಹೋದೆ. ಒಳಗೆ ಆಗಲೇ ಹತ್ತು ಹನ್ನೆರಡು ಹೆಂಗಸರು ಓಡುತ್ತಿದ್ದರು. ಟೈಲರ್ ಅಂಗಡಿಯವಳೂ ಇದ್ದಳು, ಅವಳ ಇಬ್ಬರು ಸೊಸೆಯಂದಿರೂ ಇದ್ದರು. ಗೇಟಿನಲ್ಲಿ ಹೊಸ ಕಾವಲುಗಾರ, ಬೇರೆ ಊರಿನವನು, ಅಡ್ಡ ನಿಂತ.

"ಎಲ್ಲಿಗಜ್ಜೀ? ಯಾರು ನೀವು?"

ಈ ಪ್ರಶ್ನೆಗೆ ಇಷ್ಟು ವರ್ಷ ಏನೇನೋ ಉತ್ತರ ಕೊಟ್ಟಿದ್ದೇನೆ. ಇಂಥವರ ಮಗಳು, ಇಂಥವರ ಹೆಂಡತಿ, ಗುಂಡಿ ಅಂಗಡಿಯವಳು. ಇವ್ಯಾವುವೂ ಬಾಯಿಗೆ ಬರಲಿಲ್ಲ. ಕತ್ತೆತ್ತಿ ಮೇಲೆ ತೋರಿಸಿದೆ.

"ಅಲ್ಲಿದಾಳಲ್ಲ, ಅವಳ ಅತ್ತಿಗೆ ನಾನು."

ಅವನು ಮೇಲೆ ನೋಡಿದ, ನನ್ನನ್ನು ನೋಡಿದ. ನನ್ನಂಥ ಒಂದು ಹಿಡಿ ಮುದುಕಿಗೆ ಒಂದು ಬಾಗಿಲು ಸಾಕಿತ್ತು. ಅವನು ಎರಡನ್ನೂ ತೆಗೆದ.

ಇಂತಿ,
ನಿನ್ನ ಅತ್ತಿಗೆ